ಗಾರೆ ಕಾಣದ ಕಂಬಗಳು

ತಮಿಳು ಸೀಮೆಯಲ್ಲಿ ನೆಲೆಸಿದ ನಮ್ಮ ಕನ್ನಡ ನೇಕಾರರ ಸಂಘದ ಕಟ್ಟಡ ಅರ್ಧಕ್ಕೇ ನಿಂತುಹೋಗಿದೆ ಎಂದು ಮೂವತ್ತು ವರ್ಷ ನಾವೆಲ್ಲ ನಂಬಿದ್ದೆವು.

ಮೇಲಿನ ಎರಡು ಅಂತಸ್ತಿಗೆ ಗಾರೆ, ಬಣ್ಣ, ಬಿಸಿಲು ತಡೆಯುವ ಉದ್ದುದ್ದ ಪಟ್ಟಿಗಳು, ಗಾಜಿನ ಕಿಟಕಿ ಎಲ್ಲ ಇದ್ದವು. ಕೆಳಗೆ ಗೋಡೆಯೇ ಇರಲಿಲ್ಲ. ರಸ್ತೆಯಿಂದ ಹಿಂದಿನ ಕಾಂಪೌಂಡಿನವರೆಗೆ ಎರಡು ಸಾಲು ಕಾಂಕ್ರೀಟ್ ಕಂಬಗಳು, ಅಷ್ಟೇ. ಅವಕ್ಕೆ ಗಾರೆಯೂ ಇಲ್ಲ, ಸುಣ್ಣವೂ ಇಲ್ಲ. ಕಾಂಕ್ರೀಟ್ ಸುರಿಯುವಾಗ ಸುತ್ತ ಕಟ್ಟಿದ್ದ ಹಲಗೆಗಳ ಗೆರೆ, ಗಂಟು, ಮೊಳೆಯ ತಲೆ ಕೂಡ ಕಂಬಗಳ ಮೈಮೇಲೆ ಹಾಗೇ ಅಚ್ಚಾಗಿ ಉಳಿದಿದ್ದವು. ಮದುಕ್ಕರೈ ಕಾರ್ಖಾನೆಯಿಂದ ಬರಬೇಕಾಗಿದ್ದ ಸಿಮೆಂಟಿಗೆ ಪರ್ಮಿಟ್ ಸಿಗದೆ ಕೊನೆಯ ಲಾರಿ ಬರಲೇ ಇಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಹೊರಗಿನ ನೆಂಟರು ಬಂದು ಕಣ್ಣೆತ್ತಿ ನೋಡಿದರೆ ನಾವೇ ಮುಂಚಿತವಾಗಿ "ಕೆಳಗಿನ ವೇಲೆ ಇನ್ನೂ ಬಾಕಿ ಇದೆ" ಎಂದು ಕೆಲಸ ಮುಗಿಯದ್ದನ್ನು ಹೇಳಿಬಿಡುತ್ತಿದ್ದೆವು. ಮದುವೆಯಾಗದೆ ಉಳಿದ ಮಗಳ ಬಗ್ಗೆ ಹೇಳುವ ಹಾಗೆ.

ಐವತ್ತರ ದಶಕದಲ್ಲಿ ಸಂಘಕ್ಕೆ ಒಳ್ಳೆಯ ದಿನಗಳಿದ್ದಾಗ ಕಟ್ಟಿಸಿದ್ದು. ನಕ್ಷೆ ಬರೆದವರು ಪರದೇಶದಲ್ಲಿ ಓದಿ ಬಂದ ತರುಣ. ಕಟ್ಟಡ ಕಾಲಮೇಲೆ ನಿಲ್ಲಬೇಕು, ಕೆಳಗೆ ಗಾಳಿ ಆಡಬೇಕು ಎಂಬುದು ಅವರ ಸಿದ್ಧಾಂತವಂತೆ. ನಮ್ಮ ಹಿರಿಯರಿಗೆ ಸಿದ್ಧಾಂತ ತಿಳಿಯಲಿಲ್ಲ. ಖಾಲಿ ಜಾಗ ಕಂಡಿತು. ಓದಿದವನೊಬ್ಬನಿಗೆ ಕಡೆಗೂ ಹಾಸಿನ ಕಷ್ಟ ಅರ್ಥವಾಯಿತು ಎಂದು ಸಂತೋಷಪಟ್ಟರು.

ಹಾಸು, ನಮ್ಮ ಬೀದಿಯ ಮಾತಲ್ಲಿ ಪಾವು, ಎಂದರೆ ಸೀರೆಯ ಉದ್ದದ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಅವನ್ನೆಲ್ಲ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಮತ್ತು ಎಣ್ಣೆ ಸವರಿ, ದೊಡ್ಡ ಕುಂಚದಿಂದ ಬಾಚಿ, ಹರಿದದ್ದನ್ನು ಗಂಟು ಹಾಕಿ ಒಣಗಿಸಬೇಕು. ಹಿಂದೆ ಬೀದಿಯಲ್ಲೇ ಎಳೆಯುತ್ತಿದ್ದರು. ಬೀದಿಗೆ ಬಸ್ಸು, ಸ್ಕೂಟರು ಬಂದವು. ಆಡಿ ಎಂಬ ಆಷಾಢದ ತಿಂಗಳಲ್ಲಿ ಪಾಲಕ್ಕಾಡಿನ ಕಡೆಯಿಂದ ಬೀಸುವ ಗಾಳಿಯಂತೂ ಮಣ್ಣನ್ನೆಲ್ಲ ತಂದು ಹಸಿ ಗಂಜಿಯ ಮೇಲೆ ಅಂಟಿಸುತ್ತಿತ್ತು. ಹಾಗಾಗಿ ಕಟ್ಟಡ ತಯಾರಾದ ವಾರವೇ ಹಾಸುಗಳು ಕಂಬಗಳ ನಡುವೆ ಬಂದವು. ತುದಿಯ ಕಂಬಗಳಿಗೆ ಹಗ್ಗ ಕಟ್ಟಿ ಎಳೆದು ಎಳೆದು ಸೊಂಟದ ಎತ್ತರದಲ್ಲಿ ಬೆರಳಗಲದ ಜಾಡು ಬಿದ್ದಿತ್ತು.

ನಾನು ಮೇಲೆ ನೂಲಿನ ಡಿಪೋದ ಕೀಲಿ ಇಟ್ಟುಕೊಂಡವನು. ನೂಲಿನ ಲಡಿ ಕೊಡುವುದು, ಇಲಿ ಓಡಿಸುವುದು, ಬೀಗ ಹಾಕಿದ ಮೇಲೆ ಹಾಕಿದ್ದೇನೆಯೇ ಎಂದು ಮೂರು ಸಲ ಹೋಗಿ ಎಳೆದು ನೋಡುವುದು ನನ್ನ ಉದ್ಯೋಗ. ಬಾಲ್ಯದ ಏಳೆಂಟು ವರ್ಷ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿ ಓದಿದ್ದರಿಂದ ನಮ್ಮ ಬೀದಿಯಲ್ಲಿ ಕನ್ನಡ ಅಕ್ಷರ ಬಲ್ಲವನು ನಾನೊಬ್ಬನೇ. ಅದರಿಂದ ಯಾರಿಗೂ ಏನೂ ಉಪಯೋಗವಾಗಿಲ್ಲ. ಸಂಘದ ಕಾಗದಪತ್ರವೆಲ್ಲ ತಮಿಳು, ಇಂಗ್ಲಿಷು.

ಇದೆಲ್ಲ ನಡೆದ ವರ್ಷ, ಎಂಬತ್ತರ ದಶಕದ ನಡುವೆ ಎಲ್ಲೋ, ಪೊಂಗಲ್ ಬರುವ ತೈ ತಿಂಗಳಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಮಕ್ಕಳಿಲ್ಲ. ನಾನು ಅಳಲಿಲ್ಲ. ಅಳು ಬರಲಿಲ್ಲವಲ್ಲ ಎಂದು ಚಿಂತೆಯಾಯಿತು. ಚಿಂತೆ ಮಾತ್ರ ನನಗೆ ಯಾವತ್ತೂ ಹೇಳಿದ ಹೊತ್ತಿಗೆ ಬರುತ್ತದೆ. ಹಲ್ಲು ಕೀಳುವ ಮೊದಲು ಸೂಜಿ ಹಾಕುತ್ತಾರಲ್ಲ, ಆ ದವಡೆಯ ಹಾಗೆ ಇದ್ದೆ. ನಮ್ಮದೇ, ಆದರೆ ಚಿವುಟಿದರೆ ತಿಳಿಯುವುದಿಲ್ಲ.

ಮುಂದಿನ ಬೀದಿಯಲ್ಲಿದ್ದ ನನ್ನ ಅಕ್ಕ ಒಂದು ಟ್ರಂಕು ಹಿಡಿದು ನನ್ನ ಮನೆಗೆ ಬಂದುಬಿಟ್ಟಳು. ಅವಳ ಗಂಡ ಹೋಗಿ ಬಹಳ ವರ್ಷವಾಗಿತ್ತು. ಆಗಿನಿಂದ ಆ ಕಂಬಗಳ ನಡುವೆ ಹಾಸು ಮಾಡಿಕೊಟ್ಟೇ ಅವಳು ಬದುಕಿದ್ದು. ಸುತ್ತಲಿನ ಮಗ್ಗಗಳವರೆಲ್ಲ ಅವಳ ಕೈಗೇ ಹಾಸು ಕೊಡುತ್ತಿದ್ದರು. ಹರಿದ ಎಳೆಯನ್ನು ಕಣ್ಣಿಂದ ಹುಡುಕುವವಳಲ್ಲ, ಅಂಗೈ ಆಡಿಸಿಯೇ ಹಿಡಿಯುತ್ತಿದ್ದಳು. ಐವತ್ತು ದಾಟಿದವಳು. ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ, ಬೇರೆ ಜಾಗ ಊರಲ್ಲಿ ಉಳಿದಿರಲಿಲ್ಲ.

ಆ ಜಾಗಕ್ಕೇ ಸಂಚಕಾರ ಬಂತು. ಸಂಘದ ಅಧ್ಯಕ್ಷರು, ನಾವೆಲ್ಲ ತಲೈವರು ಅನ್ನುವವರು, ಒಂದು ದಿನ ಡಿಪೋಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಒಳ್ಳೆಯ ಸುದ್ದಿಯಾದರೆ ಅವರು ಪೂರ್ತಿ ಕೂರುತ್ತಾರೆ.

"ಏನಪ್ಪಾ, ಸಂಘ ಹಿಂಗೇ ಎಷ್ಟು ದಿನ ಓಡ್ತದೆ? ಕೈಮಗ್ಗದ ಸೀರೆ ಯಾರು ಉಡ್ತಾರೆ ಈಗ? ತಿರುಪ್ಪೂರ್ ಬನಿಯನ್ ಕಂಪನಿ ಮುದಲಾಳಿ ಒಬ್ರು ಕೇಳ್ತಾರೆ, ಪೂರಾ ಕಟ್ಟಿಡಂ ಬಾಡಿಗೆಗೆ. ಎಕ್ಸ್‌ಪೋರ್ಟ್ ಮಾಡೋರು. ನಮ್ಮ ಕನ್ನಡದೋರೇ, ಗೌಡ್ರು ಜನ."

"ಕೆಳಗೆ?"

"ಕೆಳಗೆ ಗೋಡೆ ಕಟ್ಟಿ ಮಿಷನ್ ಹಾಕ್ತಾರಂತೆ. ಅದು ಸುಮ್ಮಾ ಕೆಡ್ತಾ ಇದೆಯಲ್ಲ."

ಕೆಳಗೆ ಸುಮ್ಮನೆ ಕೆಡುತ್ತಿದ್ದದ್ದು ನನ್ನ ಅಕ್ಕ. ನಾನು ಮಾತ್ರ "ಬೀಗ ಯಾರ ಹತ್ತಿರ ಇರುತ್ತದೆ?" ಎಂದು ಕೇಳಿದೆ. ಇಂಥ ಸಮಯದಲ್ಲಿ ನನ್ನ ಬಾಯಿಗೆ ಬರುವುದು ಇಂಥದೇ.

ರಾತ್ರಿ ಊಟಕ್ಕೆ ಬಡಿಸುವಾಗ ಅಕ್ಕನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ರಸದ ಪಾತ್ರೆಯಲ್ಲಿ ಸೌಟು ಆಡಿಸಿದಳು.

"ಗೋಡೆ ಬಂದ್ರೆ ನಾನೆಲ್ಲಿ ಪಾವು ಎಳೀಲಿ ತಮ್ಮಾ? ನಿನ್ ತಲೆ ಮೇಲಾ?"

"ನೋಡೋಣ ಅಕ್ಕಾ."

"ನೀ ನೋಡಿದ್ದೆಲ್ಲಾ ಆಯ್ತು. ನಾಕ್ ತಿಂಗ್ಳಿಂದ ಗೋಡೆ ನೋಡ್ಕಂಡು ಕೂತಿದ್ದೀಯಲ್ಲಾ. ಬಾಯ್ ತೆಗೆದು ಒಂದ್ ಮಾತು ತಲೈವರಿಗೆ ಹೇಳೋಕ್ಕಾಗಲ್ಲ?"

ಆಗಲಿಲ್ಲ. ಆದರೆ ಅದೇ ತಿಂಗಳು ಮದ್ರಾಸಿನಿಂದ ಒಂದು ಕಾಗದ ಬಂತು. ಉಳಿಸಿಕೊಳ್ಳಬೇಕಾದ ಕಟ್ಟಡಗಳ ಪಟ್ಟಿ ಮಾಡುವ ಸಮಿತಿಯೊಂದು ನಮ್ಮ ಕಟ್ಟಡವನ್ನು ನೋಡಲು ಬರುತ್ತದೆ, ಪಟ್ಟಿಗೆ ಸೇರಿದರೆ ಅದರ ಸ್ವರೂಪವನ್ನು ಯಾರೂ ಬದಲಿಸುವಂತಿಲ್ಲ ಎಂದಿತ್ತು. ಎರಡು ಸಲ ಓದಿದೆ. ಕಟ್ಟಡಕ್ಕೆ ಮೂವತ್ತು ವರ್ಷ, ನನಗೆ ನಲವತ್ತಾರು. ಅದು ಪುರಾತನವಾದರೆ ನನ್ನನ್ನು ಯಾವ ಮ್ಯೂಸಿಯಮ್ಮಿಗೆ ಕಳಿಸುತ್ತಾರೋ ಎಂದು ಯೋಚಿಸಿದೆ. ಆಮೇಲೆ ಗೋಡೆಯ ವಿಷಯ ಹೊಳೆಯಿತು. ಯಾರೂ ಬದಲಿಸುವಂತಿಲ್ಲ ಎಂದರೆ ಗೋಡೆ ಕಟ್ಟುವಂತಿಲ್ಲ. ತಲೈವರು ಕಾಗದ ನೋಡಿ, "ಬಂದು ನೋಡ್ಲಿ ಬಿಡು, ಕಾಫಿ ಕೊಟ್ಟು ಕಳಿಸು" ಎಂದರು. ಇಂಥ ಕಟ್ಟಡವನ್ನು ಯಾರಾದರೂ ಮೆಚ್ಚುತ್ತಾರೆ ಎಂಬ ಅನುಮಾನವೇ ಅವರಿಗಿರಲಿಲ್ಲ.

ಅಕ್ಕನಿಗೆ ವಿಷಯ ತಿಳಿಸಿದೆ. "ಹಂಗಾದ್ರೆ ಬರೋರು ಮೆಚ್ಚೋ ಹಂಗೆ ಇಡು" ಎಂದಳು. ಅವಳು ಹೇಳಿದ್ದು ಅಷ್ಟೇ. ಗುಡಿಸಿ ಇಡು ಎಂಬ ಅರ್ಥದಲ್ಲಿ. ಮಿಕ್ಕಿದ್ದೆಲ್ಲ ನನ್ನ ತಲೆ ಮಾಡಿದ್ದು.

ನಮ್ಮಲ್ಲಿ ಮನೆಗೆ ದೊಡ್ಡವರು ಬರುತ್ತಾರೆಂದರೆ ಸುಣ್ಣ ಹೊಡೆಯುತ್ತೇವೆ. ಪೊಂಗಲಿಗೆ, ಮದುವೆಗೆ, ಕೊನೆಗೆ ಸಾವಿನ ಹದಿಮೂರನೆಯ ದಿನಕ್ಕೂ. ಸುಣ್ಣ ಕಾಣದ ಗೋಡೆಯ ಮುಂದೆ ಅತಿಥಿಯನ್ನು ನಿಲ್ಲಿಸುವುದು ಹರಿದ ಅಂಗಿಯಲ್ಲಿ ಕೈಮುಗಿದ ಹಾಗೆ. ಒಂದು ವಾರ ನಿದ್ದೆ ಬರಲಿಲ್ಲ. ಗಂಜಿ, ಎಣ್ಣೆ ಕುಡಿದು ಕಪ್ಪಾದ ಆ ಕಂಬಗಳನ್ನು ಮದ್ರಾಸಿನವರು ನೋಡಿದರೆ ಏನೆಂದುಕೊಂಡಾರು? ಮೂವತ್ತು ವರ್ಷದ ಬಾಕಿ ಕೆಲಸ ನನ್ನ ಕೈಯಲ್ಲೇ ಮುಗಿಯಬೇಕು ಎಂದು ಹಣೆಯಲ್ಲಿ ಬರೆದಿರಬಹುದು. ಸುಣ್ಣ ತರಿಸಿದೆ, ತೊಟ್ಟಿಯಲ್ಲಿ ನೆನೆಹಾಕಿದೆ. ಸಮಿತಿ ಬರುವ ಹಿಂದಿನ ದಿನ ನಾಲ್ಕು ಜನ ನೇಕಾರರನ್ನು ಕರೆದು ಎಲ್ಲ ಕಂಬಗಳಿಗೂ ಎರಡು ಕೈ ಹೊಡೆಸಿದೆ. ಅಷ್ಟಕ್ಕೇ ಬಿಡಲಿಲ್ಲ. ದೇವಸ್ಥಾನದ ಗೋಡೆಗೆ ಬಳಿಯುವ ಹಾಗೆ ಒಂದೊಂದು ಕಂಬಕ್ಕೂ ಕೆಮ್ಮಣ್ಣಿನ ಪಟ್ಟೆ ಬಳಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಅಕ್ಕ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತು, "ಯಾರನ್ನಾದ್ರೂ ಒಂದ್ ಮಾತು ಕೇಳ್ದ್ಯಾ ತಮ್ಮಾ?" ಎಂದಳು.

"ಸುಣ್ಣ ಹೊಡೆಯೋಕೆ ಯಾರನ್ನ ಕೇಳಬೇಕು?"

ಮರುದಿನ ಮಧ್ಯಾಹ್ನ ಇಬ್ಬರು ಬಂದರು. ಮದ್ರಾಸಿನ ಒಬ್ಬ ಹೆಂಗಸು, ಬೆಂಗಳೂರಿನ ಒಬ್ಬ ವಯಸ್ಸಾದ ಇಂಜಿನಿಯರು. ಕಾರಿನಿಂದ ಇಳಿದ ಹೆಂಗಸು ಕಂಬಗಳನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡರು. ಅದು ಮೆಚ್ಚುಗೆ ಎಂದು ನಾನು ಎರಡು ನಿಮಿಷ ನಂಬಿದ್ದೆ. ನನ್ನ ಕನ್ನಡ ಕೇಳಿ ಇಂಜಿನಿಯರು ನನ್ನನ್ನು ಪಕ್ಕಕ್ಕೆ ಕರೆದರು.

"ಇದನ್ನು ಯಾರು ಮಾಡಿಸಿದ್ದು?"

"ನಾನೇ ಸಾರ್. ಬಾಕಿ ಉಳಿದಿತ್ತು. ಸಿಮೆಂಟ್ ಬರಲಿಲ್ಲ ಆಗ."

"ಬಾಕಿ ಅಲ್ಲ ಸ್ವಾಮಿ. ಹಾಗೇ ಇರಲಿ ಅಂತ ಬಿಟ್ಟಿದ್ದು. ಆ ಹಲಗೆಯ ಗುರುತು ಇದೆಯಲ್ಲ, ಅದಕ್ಕೋಸ್ಕರವೇ ಬಂದಿದ್ದು ನಾವು. ಈ ಸೀಮೆಯಲ್ಲಿ ಅಂಥ ಕಂಬ ಇನ್ನೆಲ್ಲೂ ಇಲ್ಲ."

ಮೂವತ್ತು ವರ್ಷ ನಾಚಿಕೆಪಟ್ಟದ್ದು, ಒಂದು ದಿನ ಸುಣ್ಣ ಹೊಡೆದದ್ದು, ಎರಡೂ ತಪ್ಪು. ನನಗೆ ಏನೂ ಅನಿಸಲಿಲ್ಲ. ಅನಿಸಬೇಕು ಎಂದು ಕಾದು ನಿಂತೆ. ಕೈಯಲ್ಲಿದ್ದ ಕಾಫಿ ಲೋಟ ಆರುತ್ತಿತ್ತು. ಅದನ್ನು ಅವರಿಗೆ ಕೊಡುವುದನ್ನೇ ಮರೆತಿದ್ದೆ. ಆ ಹೆಂಗಸು ಪುಸ್ತಕ ಮುಚ್ಚಿಟ್ಟುಕೊಂಡು, ಹೀಗಿದ್ದರೆ ಬರೆಯಲು ಏನೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ಕೇಳಿಸಿತು. ನಾಳೆ ಬೆಳಿಗ್ಗೆ ಊಟಿಯ ಕಡೆ ಹೋಗುವಾಗ ಇನ್ನೊಮ್ಮೆ ಮೇಲಿನ ಮೆಟ್ಟಿಲು ನೋಡಿ ಹೋಗುತ್ತೇವೆ ಎಂದು ಇಂಜಿನಿಯರು ಸಮಾಧಾನಕ್ಕೆ ಹೇಳಿದರು.

ಅವರು ಹೋದ ಮೇಲೆ ಅಕ್ಕ ಕೇಳಿದಳು. ನಾನು ವರದಿ ಓದುವವನ ಹಾಗೆ ಎಲ್ಲ ಹೇಳಿದೆ.

"ಥೂ, ನಿನ್ ಕವಲೆಗೆ, ನಿನ್ ಚಿಂತೆಗೆ ಬೆಂಕಿ ಹಾಕ," ಎಂದಳು. "ನೀ ಒಂದಿನಾನಾದ್ರೂ ಚಿಂತೆ ಮಾಡ್ದೆ ಸುಮ್ನಿದ್ದಿದ್ರೆ ನಂಗೆ ಜಾಗ ಉಳೀತಿತ್ತು."

ಬೈದು ಮುಗಿಸಿ ಹತ್ತಿರದ ಕಂಬದ ಮೇಲೆ ಉಗುರಿನಿಂದ ಗೀಚಿದಳು. ಸುಣ್ಣ ದೋಸೆಯ ಹಾಗೆ ಎದ್ದು ಬಂತು. ಇನ್ನೊಂದು ಕಂಬಕ್ಕೆ ಹೋದಳು, ಅಲ್ಲೂ ಹಾಗೇ. ಮೂವತ್ತು ವರ್ಷದ ಗಂಜಿ, ಎಣ್ಣೆ ಕುಡಿದ ಕಂಬಕ್ಕೆ ಸುಣ್ಣ ಹಿಡಿದಿರಲೇ ಇಲ್ಲ. ಎದೆಯ ಎತ್ತರದವರೆಗೆ ಬರಿದೇ ಮೇಲೆ ಕೂತಿತ್ತು. ಅಕ್ಕ ಬೀದಿಗೆ ಹೋಗಿ ಐದಾರು ಹೆಂಗಸರನ್ನು ಕರೆತಂದಳು. ಹಾಸು ಬಾಚುವ ಕುಂಚಗಳು, ತೆಂಗಿನ ನಾರು, ಕೊಡಗಟ್ಟಲೆ ನೀರು. ಮೇಲಿನ ಭಾಗ ಅಷ್ಟು ಸುಲಭವಾಗಿರಲಿಲ್ಲ, ಆದರೂ ಹೊಸ ಸುಣ್ಣ, ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಬೆಂಚಿನ ಮೇಲೆ ಹತ್ತಿ ಉಜ್ಜಿದರು. ಒಬ್ಬಳು ನನ್ನ ಕಡೆ ನೋಡಿ, "ಅಣ್ಣಾ, ಬಿಳಿ ಮಾಡಾಕೆ ಒಂದಿನ, ಕರಿ ಮಾಡಾಕೆ ಒಂದಿನ. ನಾಳೆ ಏನ್ ವೇಲೆ ಇಟ್ಟಿದ್ದೀರಾ?" ಎಂದಳು. ಎಲ್ಲರೂ ನಕ್ಕರು. ನಾನು ನೀರು ಹೊತ್ತೆ. ಹೊರುವುದು ಸುಲಭ, ಅದಕ್ಕೆ ಏನೂ ಅನಿಸಬೇಕಾಗಿಲ್ಲ. ಕತ್ತಲಾಗುವ ಮೊದಲು ಕೆಮ್ಮಣ್ಣು ಕರಗಿ ನೆಲವೆಲ್ಲ ಕೆಂಪಾಗಿ ಚರಂಡಿಗೆ ಹರಿದುಹೋಯಿತು.

ಬೆಳಿಗ್ಗೆ ಇಬ್ಬರೂ ಬಂದರು. ಇಂಜಿನಿಯರು ಒದ್ದೆ ಕಂಬಗಳ ಮುಂದೆ ನಿಂತರು. ಹಲಗೆಯ ಗೆರೆ, ಗಂಟು, ಮೊಳೆಯ ತಲೆ ಎಲ್ಲ ಮತ್ತೆ ಕಾಣುತ್ತಿದ್ದವು. ಅವರು ಅಂಗೈಯಿಂದ ಸವರಿ ನೋಡಿದರು, ಅಕ್ಕ ಹಾಸಿನ ಮೇಲೆ ಕೈ ಆಡಿಸುವ ಹಾಗೆ.

"ಮಳೆ, ಬಿಸಿಲು ತಿಂದು ಇಷ್ಟು ಹೊತ್ತಿಗೆ ಸವೆದುಹೋಗಬೇಕಿತ್ತು. ಇಷ್ಟು ಚೆನ್ನಾಗಿ ಹೇಗೆ ಉಳಿಯಿತು?"

"ಎಣ್ಣೆ ಸಾಮಿ," ಎಂದಳು ಅಕ್ಕ. "ವರ್ಷಾ ವರ್ಷಾ ನಾವೇ ಹಚ್ಚಿದ್ದು."

ಅವರು ನಕ್ಕು ಬರೆದುಕೊಂಡರು. ಫೋಟೋ ತೆಗೆದರು. ತುದಿಯ ಕಂಬದ ಜಾಡು ನೋಡಿ, "ಇದು ಮೂಲ ನಕ್ಷೆಯಲ್ಲೇ ಇದ್ದದ್ದೋ?" ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಮದ್ರಾಸಿನ ಹೆಂಗಸು, "ಖಂಡಿತ, ಬಹಳ ಸೂಕ್ಷ್ಮ" ಎಂದು ಬರೆದಾಗಿತ್ತು.

ಐದು ತಿಂಗಳ ನಂತರ ಕಟ್ಟಡ ಪಟ್ಟಿಗೆ ಸೇರಿದ ಕಾಗದ ಬಂತು. ತಲೈವರು ಪೂರ್ತಿ ಕುರ್ಚಿಯಲ್ಲಿ ಕೂತು ಓದಿದರು, ಏಕೆಂದರೆ ಅಷ್ಟರಲ್ಲಿ ತಿರುಪ್ಪೂರಿನವರೂ ಸಂತೋಷಪಟ್ಟಿದ್ದರು. ಪರದೇಶದಿಂದ ಬಂದಿದ್ದ ಅವರ ಗಿರಾಕಿಯೊಬ್ಬ ಆ ಕಂಬಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದನಂತೆ. ಗೋಡೆ ಬೇಡ, ಮಿಷನ್ನು ಮೇಲೆ ಹಾಕಿಕೊಳ್ಳುತ್ತೇವೆ, ಕೆಳಗೆ ಖಾಲಿ ಇರಲಿ ಎಂದರು. ನಾನು ಕಾಗದ ಜೇಬಲ್ಲಿಟ್ಟುಕೊಂಡು ಇಳಿದು ಬಂದೆ. ಅಕ್ಕ ಹಾಸಿನ ನಡುವೆ ಬಗ್ಗಿ ನಿಂತು ಗಂಟು ಹಾಕುತ್ತಿದ್ದಳು.

"ಗೋಡೆ ಇಲ್ಲ ಅಕ್ಕಾ."

ಅವಳು ನೆಟ್ಟಗಾಗಿ ಸೊಂಟ ಹಿಡಿದುಕೊಂಡಳು. "ಮಸಾಣಿಯಮ್ಮಾ, ನನ್ ಹೊಟ್ಟೆ ತಣ್ಣಗಾಯ್ತು. ಆನೈಮಲೈಗೆ ಹೋಗಿ ನಿನ್ ಗುಡಿ ಕಲ್ಲ ಮೇಲೆ ಮೆಣಸಿನಕಾಯಿ ಅರೆದು ಆ ತಲೈವನ್ನ ಶಪಿಸ್ಬೇಕು ಅಂತಿದ್ದೆ. ಬಸ್ ಚಾರ್ಜು ಉಳೀತು. ಪೂರಾ ಓದು, ಕೇಳ್ತೀನಿ."

ಇಂಗ್ಲಿಷಿನಲ್ಲಿದ್ದದ್ದನ್ನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳುತ್ತಾ ಹೋದೆ. ಕೆಳಗಿನ ಅಂತಸ್ತು ಎಂದೆಂದಿಗೂ ತೆರೆದೇ ಇರಬೇಕು. ಕಂಬಗಳಿಗೆ ಗಾರೆ, ಸುಣ್ಣ, ಬಣ್ಣ ಮುಟ್ಟಿಸಕೂಡದು. ಇಲ್ಲಿಯವರೆಗೆ ನನ್ನ ದನಿ ಸರಾಗವಾಗಿತ್ತು. ಮುಂದಿನ ಸಾಲು: ಕಂಬಗಳಿಗೆ ಹಗ್ಗ ಅಥವಾ ಬೇರೆ ಏನನ್ನೂ ಕಟ್ಟಕೂಡದು. ಎಣ್ಣೆ, ಗಂಜಿ, ನೀರು ತಾಗುವ ಯಾವ ಕೆಲಸವನ್ನೂ ಅಲ್ಲಿ ನಡೆಸಕೂಡದು.

ಓದಿ ಮುಗಿಸಿದ ಮೇಲೇ ನನಗೆ ಅರ್ಥವಾದದ್ದು. ಜಗತ್ತಿನಲ್ಲಿ ಆಗದ ನೂರು ಅನಾಹುತಗಳನ್ನು ಮೊದಲೇ ಯೋಚಿಸಿಟ್ಟುಕೊಂಡವನು ನಾನು. ಆಗುವ ಒಂದನ್ನು ಯೋಚಿಸಿರಲಿಲ್ಲ.

"ಇನ್ನೊಂದ್ ತಡವೆ ಓದು," ಎಂದಳು.

ಓದಿದೆ.

"ಎಣ್ಣೆಯಿಂದ ಉಳೀತು ಅಂತ ಆ ಸಾಮಿ ಬರ್ಕಂಡ್ನಲ್ಲಾ?"

"ಬರ್ಕೊಂಡ್ರು."

"ಮತ್ತೆ?"

ಕಾಗದ ಮಡಿಸಿದೆ. ಅವಳು ಬಗ್ಗಿ, ಹಿಡಿದಿದ್ದ ಗಂಟನ್ನು ಮುಗಿಸಿದಳು. ಆ ಹಾಸು ಒಣಗುವವರೆಗೆ ಇದ್ದು, ಸುತ್ತಿ, ಹೊತ್ತುಕೊಂಡು ಹೋಗಿ ಕೊಟ್ಟು ಬಂದಳು. ನಾನು ಸಮಿತಿಗೆ ಒಂದು ಕಾಗದ ಬರೆಯಬೇಕೆಂದು ಇಂಗ್ಲಿಷಿನಲ್ಲಿ ನಾಲ್ಕು ಸಲ ಕರಡು ಮಾಡಿದೆ. ಕಂಬದ ಜಾಡು ನಕ್ಷೆಯದಲ್ಲ, ನಮ್ಮ ಹಗ್ಗದ್ದು ಎಂದು ಬರೆದರೆ ಪಟ್ಟಿಯಿಂದಲೇ ತೆಗೆದುಹಾಕಿ ಮತ್ತೆ ಗೋಡೆ ಬಂದರೆ ಎಂಬ ಚಿಂತೆ. ಬರೆಯದಿದ್ದರೆ ಅಕ್ಕನ ಚಿಂತೆ. ಐದನೆಯ ಕರಡು ಮಾಡಲಿಲ್ಲ.

ಮುಂದಿನ ವಾರ ಅವಳು ಹಿಂದಿನ ಓಣಿಯಲ್ಲಿ ಎರಡು ಹಾಸು ಎಳೆದು ನೋಡಿದಳು. ಒಂದಕ್ಕೆ ಮಣ್ಣು ಕೂತಿತು. ಇನ್ನೊಂದನ್ನು ಸ್ಕೂಟರಿನವನೊಬ್ಬ ನೋಡದೆ ನುಗ್ಗಿ ಅರ್ಧಕ್ಕರ್ಧ ಹರಿದ. ಆಮೇಲೆ ಮಗ್ಗದವರು ಗಂಜಿ ಹಾಕಿ ತಯಾರಾಗಿ ಬರುವ ಮಿಲ್ಲಿನ ಹಾಸು ತರಿಸಿಕೊಂಡರು. ಯಾರನ್ನೂ ದೂರುವಂತಿಲ್ಲ.

ಬನಿಯನ್ ಕಂಪನಿ ಬಂದ ಮೇಲೆ ಮೇಲಂತಸ್ತಿನಲ್ಲಿ ಹೊಲಿಗೆ ಮಿಷನ್ನುಗಳು ಸಾಲಾಗಿ ಕೂತವು. ಹೊಲಿದ ಬನಿಯನ್ನುಗಳ ಅಂಚಿನಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸಲು ಹೆಂಗಸರು ಬೇಕಾಗಿದ್ದರು. ಅಕ್ಕ ಸೇರಿಕೊಂಡಳು. ಅವಳ ಬೆರಳು ಚುರುಕು ಎಂದು ಮೇಸ್ತ್ರಿ ಹೊಗಳಿದನಂತೆ. "ಇಷ್ಟು ವರ್ಷ ಹರಿದದ್ದನ್ನ ಸೇರಿಸ್ದೆ, ಈಗ ಇರೋದನ್ನ ಕತ್ತರಿಸ್ತೀನಿ. ಇದು ಸುಲಭ," ಎಂದಳು. ಅವಳ ಮುಖ ನೋಡಿದೆ. ನನ್ನ ದವಡೆಗೆ ಹಾಕಿದ ಸೂಜಿಯನ್ನೇ ಯಾರೋ ಅವಳಿಗೂ ಹಾಕಿದ ಹಾಗಿತ್ತು.

ನನಗೂ ಕೆಲಸ ಸಿಕ್ಕಿತು. ಡಿಪೋ ಮುಚ್ಚಿತು, ಆದರೆ ಪಟ್ಟಿಯ ಕಟ್ಟಡಕ್ಕೆ ಒಬ್ಬ ಜವಾಬ್ದಾರ ಬೇಕಿತ್ತು. ಕೀಲಿ ನನ್ನಲ್ಲೇ ಉಳಿಯಿತು. ಅಂಟಿಸಬೇಡಿ, ಕಟ್ಟಬೇಡಿ, ಒರಗಬೇಡಿ ಎಂದು ಬೋರ್ಡು ಬರೆಸಿದವನು ನಾನೇ. ತಲೆಯ ಎಣ್ಣೆ ತಾಗಿ ಕಂಬ ಕಲೆಯಾಗುತ್ತದೆ ಎಂದು ಸಮಿತಿಯವರು ಮುಂದಿನ ಸಲ ಬಂದಾಗ ಹೇಳಿ ಹೋಗಿದ್ದರು.

ಒಂದು ಮಧ್ಯಾಹ್ನ ಊಟದ ಬೆಲ್ಲು ಹೊಡೆದು ಹೆಂಗಸರೆಲ್ಲ ಡಬ್ಬಿ ಹಿಡಿದು ಕೆಳಗೆ ಬಂದು ನೆಲದ ಮೇಲೆ ಕೂತರು. ಅಕ್ಕ ತುದಿಯ ಕಂಬದ ಹತ್ತಿರ ಹೋದಳು. ಹಗ್ಗದ ಜಾಡಿನ ಕೆಳಗೆ ಕೂತು, ಬೆನ್ನು ಒರಗಿಸಿ, ಕಾಲು ಚಾಚಿ, ತಲೆಯನ್ನು ಹಿಂದಕ್ಕೆ ಇಟ್ಟು ಕಣ್ಣು ಮುಚ್ಚಿದಳು. ಕಂಪನಿಯ ಮ್ಯಾನೇಜರು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದ.

ನಾನು ಸುಮ್ಮನಿರಬಹುದಾಗಿತ್ತು. ಕೀಲಿ ಗೊಂಚಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡೆ. ಹತ್ತಿರ ಹೋದೆ. ಹುಟ್ಟಿದಾರಭ್ಯ ಅವಳ ಜೊತೆ ಕನ್ನಡ ಬಿಟ್ಟು ಬೇರೆ ಆಡಿದವನಲ್ಲ ನಾನು. ಎಲ್ಲರಿಗೂ ಹೇಳುವ ಹಾಗೆ ತಮಿಳಿನಲ್ಲಿ ಹೇಳಿದೆ:

"ತೂಣ್‌ಲ ಸಾಯಾದೀಂಗ."

ಕಂಬಕ್ಕೆ ಒರಗಬೇಡಿ.

ಅಕ್ಕ ಕಣ್ಣು ತೆರೆದಳು. ನನ್ನನ್ನು, ಮೆಟ್ಟಿಲ ಮೇಲಿನ ಮ್ಯಾನೇಜರನ್ನು ನೋಡಿದಳು. ಬೆನ್ನು ಎತ್ತಿ ಒಂದು ಗೇಣು ಮುಂದೆ ಸರಿದು ಕೂತಳು.

"ಸರಿಂಗ ಸಾರ್," ಎಂದಳು.

ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಸಂಜೆ ಮನೆಯಲ್ಲಿ ರಸ ಬಡಿಸಿ, ಹುಳಿ ಸಾಕಾ ತಮ್ಮಾ ಎಂದು ಕೇಳಿದಳು. ಸಾಕು ಎಂದೆ. ಊಟ ಮುಗಿಸಿ, ಬೀಗ ಹಾಕಿದ್ದೇನೆಯೇ ನೋಡಿ ಬರುತ್ತೇನೆ ಎಂದು ಹೊರಟೆ. ಕೆಳಗಿನ ಅಂತಸ್ತಿಗೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ತುದಿಯ ಕಂಬದ ಮೇಲೆ ಅವಳ ತಲೆ ತಾಗಿದ್ದ ಕಡೆ ಅಂಗೈಯಗಲ ಎಣ್ಣೆಯ ಗುರುತಿತ್ತು. ಒರೆಸಬೇಕೆಂದು ಜೇಬಿನಿಂದ ಕರ್ಚೀಫು ತೆಗೆದೆ. ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತಿದ್ದು, ಮಡಿಸಿ ವಾಪಸು ಇಟ್ಟುಕೊಂಡೆ.